ಸಡಾ ಬಾಲವಾಡಿಯ ತಾಟಿನ ಲೆಕ್ಕ

1988ರ ಜೂನ್ 12, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನನ್ನ ನೋಟುಬುಕ್ಕಿನಲ್ಲಿ ಈ ಸಂಗತಿ ಶುರುವಾಗುವುದು ಈ ಸಾಲಿನಿಂದ. ಆ ಹೊತ್ತಿಗೆ ಗೋವಾದ ವಾಸ್ಕೋ ಬಳಿಯ ಸಡಾ ಗುಡ್ಡದ ಮೇಲಿನ ನಮ್ಮ ಬಾಲವಾಡಿಯ ಖೋಲಿಯಲ್ಲಿ ಇಪ್ಪತ್ತೆರಡು ಮಂದಿ ತಾಯಂದಿರು ಚಾಪೆಯ ಮೇಲೆ ಕುಳಿತಿದ್ದರು. ಬಾಲವಾಡಿ ನಡೆಸುತ್ತಿದ್ದ ಸಂಸ್ಥೆಯ ಮೇಲ್ವಿಚಾರಕಿ ಎದುರಿಗೆ ಒಂದು ಸ್ಟೂಲಿನ ಮೇಲೆ ಕೂತು, ಒದ್ದೆಯಾದ ಸೀರೆಯ ಅಂಚು ಹಿಂಡಿಕೊಳ್ಳುತ್ತಿದ್ದರು. ಅವರನ್ನು ನಾವೆಲ್ಲ ಬಾಯಿ ಎನ್ನುತ್ತಿದ್ದೆವು. ಬೆಳಗಾವಿ ಕಡೆಯವರಾದ್ದರಿಂದ ಅವರಿಗೆ ನಮ್ಮ ಉತ್ತರ ಕರ್ನಾಟಕದ ಕನ್ನಡ ಬರುತ್ತಿತ್ತು.

ಬಾಯಿ ಹೇಳಿದ್ದು ಇಷ್ಟು. ಪಟ್ಟಿಯಲ್ಲಿ ಮೂವತ್ತಾರು ಮಕ್ಕಳ ಹೆಸರುಗಳಿವೆ, ಬರುತ್ತಿರುವವರು ಹತ್ತೊಂಬತ್ತು. ಆಗಸ್ಟ್ ನಡುವಿನ ಹೊತ್ತಿಗೆ ಮೂವತ್ತು ಮಕ್ಕಳಾದರೂ ದಿನಾ ಬಾರದಿದ್ದರೆ ಈ ಖೋಲಿ ಮುಚ್ಚಿ ಗುಡ್ಡದ ಕೆಳಗಿನ ಬಾಲವಾಡಿಗೆ ಸೇರಿಸುತ್ತಾರೆ.

ಇದರ ಅರ್ಥ ಆ ಖೋಲಿಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನಮ್ಮ ಹೆಂಗಸರಲ್ಲಿ ಹೆಚ್ಚಿನವರು ಕಟ್ಟಡದ ಕೆಲಸಕ್ಕೆ, ಕೆಲವರು ಬಂದರಿನ ಕಡೆಯ ಕೂಲಿಗೆ ಹೋಗುವವರು. ಏಳೂವರೆಗೆ ಟ್ರಕ್ಕು ಬಂದು ನಿಲ್ಲುತ್ತದೆ. ಅಷ್ಟರೊಳಗೆ ಮಗುವನ್ನು ಕೆಳಗೆ ಬಿಟ್ಟು, ಮತ್ತೆ ಗುಡ್ಡ ಹತ್ತಿ ಬರುವುದು ಆಗದ ಮಾತು. ನಾನು ಅಕ್ಕನ ಮನೆಯಲ್ಲಿದ್ದೆ. ಅಕ್ಕನಿಗೆ ಮೂರೂವರೆ ವರ್ಷದ ಮಗಳು. ನನಗೆ ಹದಿನೆಂಟು ವರ್ಷ. ಮಧ್ಯಾಹ್ನ ಒಂದಕ್ಕೆ ಕಾಲೇಜು. ಬಾಲವಾಡಿ ಮುಚ್ಚಿದರೆ ಒಂದೋ ಅಕ್ಕ ಕೆಲಸ ಬಿಡಬೇಕು, ಇಲ್ಲವೇ ನಾನು ಕಾಲೇಜು ಬಿಡಬೇಕು. ಅಕ್ಕ ಮೂರನೆಯ ದಾರಿ ಆಗಲೇ ಯೋಚಿಸಿಟ್ಟಿದ್ದಳು: "ನೀ ಕಾಲೇಜ್ ಬಿಡೂ ಮಾತ ಎತ್ತಬ್ಯಾಡ. ಆಕಿನ್ನ ಖಡಿ ರಾಶಿ ಮ್ಯಾಲ ಕುಂದರಿಸಿ ದುಡೀತೇನಿ." ಹಾಗೆ ಜಲ್ಲಿ ರಾಶಿಯ ಮೇಲೆ ಕೂತ ಮಕ್ಕಳನ್ನು ನಾನು ನೋಡಿದ್ದೆ. ಮೈಯೆಲ್ಲ ಸಿಮೆಂಟಿನ ಬೂದಿ, ಕಾಲ ಬಳಿ ಕಾಂಕ್ರೀಟ್ ಕಲೆಸುವ ಯಂತ್ರ.

ಬಾಯಿ ಕೇಳಿದರು, "ಯಾಕ ಬರವಲ್ಲರು ಮಕ್ಕಳು? ಊಟ ಸರಿ ಇಲ್ಲೇನು?"

"ಊಟ ಚಲೋ ಐತ್ರಿ," ಎಂದಳು ಮೊದಲನೆಯವಳು.

"ಭಾಳ ಚಲೋ ಐತ್ರಿ ಬಾಯಿ," ಎಂದಳು ಎರಡನೆಯವಳು. ಹೀಗೇ ಸಾಲು ಮುಗಿಯಿತು. ನಾನು ಬರೆದುಕೊಂಡೆ: ಇಪ್ಪತ್ತೆರಡಕ್ಕೆ ಇಪ್ಪತ್ತೆರಡು, ಚಲೋ.

ಅಡುಗೆ ಮಾಡುತ್ತಿದ್ದವರು ಬಾಗಿಲ ಬಳಿಯೇ ನಿಂತಿದ್ದರು. ಅವರು ಗೋವಾದವರೇ, ಕ್ರಿಶ್ಚಿಯನ್ ವಿಧವೆ, ಐವತ್ತು ದಾಟಿದವರು. ಎಲ್ಲರಿಗೂ ಮಾಂಯ್, ಕೊಂಕಣಿಯಲ್ಲಿ ತಾಯಿ. ಹತ್ತು ವರ್ಷದಿಂದ ಆ ಒಲೆಯ ಮುಂದೆ ಇದ್ದವರು. ನಮ್ಮಲ್ಲಿ ಬಡಿಸಿದವರ ಎದುರಿಗೆ ಅನ್ನವನ್ನು ಹಳಿಯುವ ಪದ್ಧತಿ ಇಲ್ಲ. ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡು ಕೈ ತೊಳೆಯುತ್ತೇವೆ. ಬಾಯಿ ಆ ಪ್ರಶ್ನೆಯನ್ನು ಇನ್ನೂ ಹತ್ತು ಸಲ ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು.

ಟೀಚರು ಹೆರಿಗೆಗೆ ಹೋಗಿದ್ದರಿಂದ ಬೆಳಗಿನ ಹೊತ್ತು ಹಾಜರಿ ಬರೆಯುವುದು ನನ್ನ ಪಾಲಿಗಿತ್ತು. ಎಂಟನೆಯ ಇಯತ್ತೆಯಿಂದ ನಾನು ದಿನಚರಿ ಬರೆಯುತ್ತ ಬಂದವಳು. ಯಾವ ದಿನ ಎಷ್ಟು ಗಂಟೆಗೆ ನೀರು ಬಂತು, ಎಷ್ಟು ಕೊಡ ತುಂಬಿದೆವು ಎಂಬುದೂ ಅದರಲ್ಲಿ ಇರುತ್ತದೆ. ಬಾಯಿ ಹೊರಡುವಾಗ ನಾನೇ ಹೇಳಿದೆ, "ಊಟದ್ದು ಲೆಕ್ಕ ಇಟ್ಟು ಕೊಡ್ಲೇನ್ರಿ?" ಅವರು ಹೂಂ ಎಂದರು.

ಜೂನ್ 20ರಿಂದ 25ರವರೆಗೆ, ಆರು ದಿನ, ಹನ್ನೊಂದೂವರೆಯಿಂದ ಹನ್ನೆರಡರ ತನಕ ನಾನು ತೊಳೆಯುವ ಕಟ್ಟೆಯ ಪಕ್ಕ ಕೂತೆ. ತಾಟು ತೊಳೆಯಲು ಬಂದಂತೆ ಗುರುತು ಹಾಕಿದೆ: ಖಾಲಿ, ಅರ್ಧ, ಮುಟ್ಟಿಲ್ಲ. ದಿನವೂ ಬಡಿಸುತ್ತಿದ್ದದ್ದು ಪೇಜ್. ಕೆಂಪು ಕುಚ್ಚಲಕ್ಕಿಯ ಗಂಜಿ, ಜೊತೆಗೆ ತೆಳ್ಳನೆಯ ತೊವ್ವೆ. ಆರು ದಿನದಲ್ಲಿ ಬಂದ ತಾಟು ನೂರಾ ಹನ್ನೊಂದು. ಖಾಲಿ ನೂರಾ ಒಂಬತ್ತು, ಅರ್ಧ ಎರಡು, ಮುಟ್ಟಿಲ್ಲ ಎಂಬುದರ ಕೆಳಗೆ ಸೊನ್ನೆ. ಚೌಕ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಮೊತ್ತ ಬರೆದು, 27ರಂದು ವಾಸ್ಕೋದ ಆಫೀಸಿಗೆ ಹೋಗಿ ಕೊಟ್ಟೆ. ಬಾಯಿ ನೋಡಿ, "ಹಂಗಾದ್ರ ಊಟದ್ದೇನೂ ತಕರಾರಿಲ್ಲ. ಮಂದಿಗೇ ಬ್ಯಾಡಾಗೇತಿ ಅಂತಾತು," ಎಂದು ಫೈಲಿಗೆ ಸೇರಿಸಿದರು. ಬಸ್ಸಿನಲ್ಲಿ ಬರುವಾಗ ಆ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ಹಾಳೆಯಲ್ಲಿ ತಪ್ಪು ಎಲ್ಲಿದೆ ಎಂದು ಗೊತ್ತಾಗಲಿಲ್ಲ.

ಗೊತ್ತುಮಾಡಿಸಿದವರು ಪಕ್ಕದ ಮನೆಯ ಚಾಚಿ. ವಿಜಾಪುರದ ಕಡೆಯವರು, ಗಂಡ ಡಿಚೋಲಿಯ ಗಣಿಯಲ್ಲಿ ಟ್ರಕ್ಕು ಓಡಿಸುತ್ತಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಚಾಚಿಯ ಇಬ್ಬರು ಮೊಮ್ಮಕ್ಕಳೂ ಬಾಲವಾಡಿಗೆ ಬರುತ್ತಿದ್ದರು. ಜೂನ್ 29ರ ಬೆಳಿಗ್ಗೆ ನಾನು ಅವರ ಕಟ್ಟೆಯ ಮೇಲೆ ಕೂತು ನನ್ನ ಅಂಕಿಗಳನ್ನು ಓದಿ ಹೇಳಿದೆ. ಅವರು ಬೀಸುವ ಕಲ್ಲು ನಿಲ್ಲಿಸಿ ನನ್ನ ಮುಖ ನೋಡಿದರು.

"ನೂರಾ ಒಂಬತ್ತ ಖಾಲಿ?"

"ಹೌದು ಚಾಚಿ."

"ಅದರಾಗ ನನ್ನ ಕೋಳಿ ಎಷ್ಟ ಬರದಿ?"

ನನಗೆ ಅರ್ಥವಾಗಲಿಲ್ಲ. ಚಾಚಿ ನಗಲಿಕ್ಕೆ ಶುರುಮಾಡಿದರು. "ಬೇಟಿ, ಅಷ್ಟ ಸಾಲಿ ಕಲತಿ, ಖಿಡಕಿ ಹಿಂದ ಹೋಗಿ ಒಮ್ಮೆ ನೋಡಬಾರದಾ? ನನ್ನ ಎಂಟೂ ಕೋಳಿ ತಿಂಗಳಾತು ಮನಿ ಕಾಳಿಗೆ ಬಾಯಿ ಹಾಕವಲ್ಲವು. ಹನ್ನೊಂದೂವರಿ ಆತಂದ್ರ ಲೈನ್ ಹಚ್ಚಿ ಬಾಲವಾಡಿ ಹಿಂದ ನಿಂದರತಾವ. ನಾ ಅಂದಕೊಂಡಿದ್ದೆ ನೀ ಅವಕ್ಕೂ ಹಾಜರಿ ಹಾಕತೀ ಅಂತ."

ಅಂದೇ ಹೋಗಿ ಖೋಲಿಯ ಹಿಂದೆ ನಿಂತೆ. ಕಿಟಕಿ ನೆಲದಿಂದ ಎರಡು ಅಡಿ ಎತ್ತರದಲ್ಲಿತ್ತು. ಮೊದಲು ಒಂದು ತಾಟು ಹೊರಗೆ ಬಂದು ಬಗ್ಗಿತು, ಆಮೇಲೆ ಇನ್ನೊಂದು. ಮೂರನೆಯ ಕೈಯಲ್ಲಿ ಅಕ್ಕನ ಮಗಳ ಹಸಿರು ಬಳೆ ಇತ್ತು. ನಾನು ಕೈ ಹಿಡಿದುಕೊಂಡೆ.

"ಯಾಕವ್ವ ಚೆಲ್ಲಾಕತ್ತೀ?"

"ಅವ್ವ ತಾಟಿನ್ಯಾಗ ಬಿಡಬ್ಯಾಡ ಅಂದಾಳ," ಎಂದಳು ಅವಳು, ನಾನೇ ತಪ್ಪು ಕೇಳಿದೆನೆಂಬಂತೆ. "ನಾ ಬಿಡಾಕತ್ತಿಲ್ಲ."

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಇದು: ತಾಟಿನಲ್ಲಿ ಬಿಡಬಾರದು. ಹತ್ತೊಂಬತ್ತು ಮಕ್ಕಳೂ ಆ ಪಾಠ ಚಾಚೂ ತಪ್ಪದೆ ಪಾಲಿಸಿದ್ದರು. ನಾನೂ ಅದೇ ಪಾಠ ಕಲಿತವಳಾದ್ದರಿಂದ, ಖಾಲಿ ತಾಟು ಎಂದರೆ ತುಂಬಿದ ಹೊಟ್ಟೆ ಎಂದು ಬರೆದುಬಿಟ್ಟಿದ್ದೆ.

ಹಳೆಯ ಹಾಳೆಯ ಪ್ರತಿ ನನ್ನ ಬಳಿ ಇತ್ತು. ಅದನ್ನು ಹರಿಯಲಿಲ್ಲ. ಮೇಲೆ ಅಡ್ಡಗೆರೆ ಎಳೆದು, "ಎಣಿಸಿದ ಜಾಗ ತಪ್ಪು" ಎಂದು ಬರೆದು ಇಟ್ಟುಕೊಂಡೆ. ಜೂನ್ 30ರಿಂದ ಜುಲೈ 6ರ ತನಕ, ಭಾನುವಾರ ಬಿಟ್ಟು ಆರು ದಿನ, ಕಿಟಕಿಗೆ ಬೆನ್ನು ಹಚ್ಚಿ ಮಕ್ಕಳ ನಡುವೆ ಕೂತು ಎಣಿಸಿದೆ. ಪೂರ್ತಿ ಉಂಡವರು ದಿನಕ್ಕೆ ನಾಲ್ಕು, ಕೆಲವು ದಿನ ಐದು. ಕಿಟಕಿ ಮುಚ್ಚಿದ್ದರಿಂದ ಉಳಿದವರು ಪಕ್ಕದವರ ತಾಟಿಗೆ ಸುರಿದರು. ಒಬ್ಬ ಅಂಗಿಯ ಕಿಸೆಗೆ ತುಂಬಿಕೊಂಡ. ಒಲೆಯ ಬಳಿಯಿಂದ ಮಾಂಯ್ ಇದನ್ನೆಲ್ಲ ನೋಡುತ್ತಿದ್ದರು. ಮಕ್ಕಳು ಯಾಕೆ ಬರುತ್ತಿಲ್ಲ ಎಂಬುದಕ್ಕೂ ಉತ್ತರ ಅಲ್ಲೇ ಇತ್ತು. ನಾಲ್ಕು ಗಂಟೆಯವರೆಗೆ ಹಸಿದುಕೊಂಡು ಅಳುವ ಮಗುವನ್ನು ತಾಯಿ ಮರುದಿನ ಮನೆಯಲ್ಲೇ ದೊಡ್ಡ ಮಗಳ ಹತ್ತಿರ ಬಿಟ್ಟು ಹೋಗುತ್ತಿದ್ದಳು, ಯಾರಿಗೂ ಏನೂ ಹೇಳದೆ.

ಜುಲೈ 8, ಶುಕ್ರವಾರ, ಹತ್ತು ನಲವತ್ತಕ್ಕೆ ಎರಡೂ ಹಾಳೆ ಹಿಡಿದು ಬಾಯಿಯ ಮೇಜಿನ ಮುಂದೆ ನಿಂತೆ. ನನ್ನ ತಪ್ಪನ್ನು ನಾನೇ ಬಾಯಿಬಿಟ್ಟು ಹೇಳಿ, ಹಾಳೆಗಳನ್ನು ಅವರ ಮುಂದಿಟ್ಟೆ. ಅವರು ಒಂದರ ಪಕ್ಕ ಒಂದಿಟ್ಟು ನೋಡಿದರು.

"ಒಂದೇ ಖೋಲಿ, ಒಂದೇ ಊಟ. ಎರಡು ಲೆಕ್ಕ ತಂದಿ. ಯಾವುದು ಖರೇ?"

"ಎರಡೂ ಖರೇ ರೀ ಬಾಯಿ. ಮೊದಲಿಂದು ತಾಟಿನ ಲೆಕ್ಕ, ಈಗಿಂದು ಹೊಟ್ಟಿ ಲೆಕ್ಕ."

ಬಾಯಿ ಕನ್ನಡಕ ತೆಗೆದಿಟ್ಟರು. ಕೋಳಿಯ ಕಥೆ ಹೇಳಿದಾಗ ಪಕ್ಕದ ಮೇಜಿನ ಗುಮಾಸ್ತರೂ ನಕ್ಕರು. ಆದರೆ ನಗು ಮುಗಿದ ಮೇಲೆ ಬಾಯಿ ಹೇಳಿದ್ದು ಕಠಿಣವಾಗಿತ್ತು. "ನಿನ್ನ ಪುಸ್ತಕ ನಾ ನಂಬತೇನಿ. ಆದ್ರ ಮ್ಯಾಲಿನ ಸಾಹೇಬರು ತಾಯಂದಿರು ಚಲೋ ಅಂದಿದ್ದನ್ನ ಓದ್ಯಾರ. ಆಗಸ್ಟ್ ಹದಿನಾಲ್ಕಕ್ಕ ಅವರೇ ಬರತಾರ. ಅಷ್ಟರಾಗ ಮಕ್ಕಳು ಬರಬೇಕು, ತಾಯಂದಿರು ತಮ್ಮ ಬಾಯಿಂದ ಹೇಳಬೇಕು. ಅಲ್ಲೀತನಾ ಏನು ಬದಲಾವಣೆ ಮಾಡತೀರಿ ಮಾಡ್ರಿ. ನಾ ಕದ್ದುಮುಚ್ಚಿ ಬಿಡಂಗಿಲ್ಲ, ಪ್ರಯೋಗ ಅಂತ ಬರೀತೇನಿ."

ತಾಯಂದಿರ ಬಾಯಿ ಬಿಡಿಸುವುದು ಹೇಗೆ? ದಾರಿ ತೋರಿಸಿದ್ದು ಅಕ್ಕ. ರೊಟ್ಟಿ ಬಡಿಯುತ್ತ ಹೇಳಿದಳು, "ಊಟ ಹೆಂಗೈತಿ ಅಂತ ಯಾಕ ಕೇಳತೀ? ನಿನ್ನಿ ನಿನ್ನ ಕೂಸು ಮನ್ಯಾಗ ಏನ ಉಂಡಿತು ಅಂತ ಕೇಳು. ಮುಂಜಾನಿತನಾ ಹೇಳತಾರ."

ಹಾಗೆಯೇ ಆಯಿತು. ಜುಲೈ 9ರಿಂದ 13ರವರೆಗೆ ಐದು ದಿನ ಮೂವತ್ತೊಂದು ಮನೆ ತಿರುಗಿದೆ. ಒಂದೊಂದು ಮನೆಯಲ್ಲೂ ಪುಟ ಸಾಲಲಿಲ್ಲ. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿದ್ದು, ರೊಟ್ಟಿಯ ಜೊತೆ ಬೇಳೆ, ಚಹಾದಲ್ಲಿ ಅದ್ದಿದ ಚಪಾತಿ. ಆದರೆ ಮೂವತ್ತೊಂದರಲ್ಲಿ ಇಪ್ಪತ್ತಾರು ಮನೆಯಲ್ಲಿ ಒಂದು ಹೆಸರು ಬಂತು: ಜೋಳದ ನುಚ್ಚು. ಒಡೆದ ಜೋಳವನ್ನು ಮೆತ್ತಗೆ ಬೇಯಿಸಿ, ಮಜ್ಜಿಗೆ ಕಲಸಿ ಕೊಡುವುದು. ಊರಿಗೆ ಹೋದವರು ಬಸ್ಸಿನ ಮೇಲೆ ಜೋಳದ ಚೀಲ ಹಾಕಿಕೊಂಡು ಬರುವುದು ನಮ್ಮಲ್ಲಿ ವಾಡಿಕೆ, ಹೀಗಾಗಿ ಎಲ್ಲರ ಮನೆಯಲ್ಲೂ ಅದು ಇತ್ತು. ಮನೆಗೆ ವಾರಕ್ಕೊಂದು ಬಟ್ಟಲು ಕೊಡುತ್ತೇವೆಂದು ಹೆಂಗಸರೇ ಹೇಳಿದರು. ಒಡೆದು ಕೊಡುವ ಕೆಲಸ ಚಾಚಿ ವಹಿಸಿಕೊಂಡರು. "ಕೋಳಿ ತಿಂದ ಋಣ ಐತಿ, ತೀರಸತೇನಿ," ಎಂದರು.

ಉಳಿದದ್ದು ಮಾಂಯ್‌ಗೆ ಹೇಳುವುದು. ಅದಕ್ಕೆ ಯಾರೂ ತಯಾರಿರಲಿಲ್ಲ. ಜುಲೈ 14ರ ಸಂಜೆ ಐದಕ್ಕೆ, ಕೆಲಸದಿಂದ ಬಂದ ಅಕ್ಕ ಕೈ ತೊಳೆದು ನೇರವಾಗಿ ಬಾಲವಾಡಿಗೆ ಹೋದಳು, ಹಿಂದೆ ನಾನು. ಮಾಂಯ್ ಪಾತ್ರೆ ಬೋರಲು ಹಾಕುತ್ತಿದ್ದರು. ಅಕ್ಕ ಕೆಳಗೆ ಕೂತು, "ಮಾಂಯ್, ಪೇಜ್ ಉಳದೈತೇನ್ರಿ? ಹಸಿವಾಗೇತಿ," ಎಂದಳು.

ಮಾಂಯ್ ಬಟ್ಟಲಲ್ಲಿ ಹಾಕಿ, ಪಕ್ಕಕ್ಕೆ ಮಾವಿನ ಮಿಡಿ ಉಪ್ಪಿನಕಾಯಿ ಇಟ್ಟು, ಎದುರಿಗೇ ನಿಂತರು. ಅಕ್ಕ ಕೊನೆಯ ತುತ್ತಿನವರೆಗೂ ಉಂಡಳು. ಆಗ ಮಾಂಯ್ ಅತ್ತರು.

"ನಾನು ಅಂದುಕೊಂಡೆ," ಎಂದರು ಕೊಂಕಣಿ ಬೆರೆಸಿದ ಕನ್ನಡದಲ್ಲಿ, "ನಿಮಗೆ ಮ್ಹಜ್ಯಾ ಹಾತಾಚೆಂ, ನನ್ನ ಕೈಯ ಊಟ, ನಡೆಯುವುದಿಲ್ಲ ಅಂತ. ಮಕ್ಕಳಿಗೆ ಮನೆಯಲ್ಲಿ ನೀವೇ ಹೇಳಿಕೊಟ್ಟಿದ್ದೀರಿ, ಕ್ರಿಶ್ಚಿಯನ್ ಮುದುಕಿಯ ಕೈಯದು ತಿನ್ನಬೇಡ ಅಂತ. ಅದಕ್ಕೇ ಚೆಲ್ಲುತ್ತಾರೆ. ಕಿಟಕಿ ನನಗೂ ಕಾಣುತ್ತದೆ."

ನನ್ನ ಪೆನ್ಸಿಲು ಅಲ್ಲೇ ನಿಂತಿತು. ಅವರ ಮನಸ್ಸು ನೋಯಬಾರದೆಂದು ಇಪ್ಪತ್ತೆರಡು ಮಂದಿ ಚಲೋ ಎಂದಿದ್ದರು. ಅವರು ಅದನ್ನು ಕೇಳಿಸಿಕೊಂಡು, ಚೆಲ್ಲಿದ ಅನ್ನವನ್ನೂ ನೋಡಿ, ಎಷ್ಟೋ ದಿನದಿಂದ ಒಳಗೇ ಬೇಯುತ್ತಿದ್ದರು.

ಅಕ್ಕ ಗಾಬರಿಯಾಗಿ ಎದ್ದುನಿಂತಳು. "ಅಯ್ಯ, ಏನ ಮಾತ್ರಿ ಇದು! ನಿಮ್ಮ ಕೈಯಿಂದು ಹುಡುಗ್ರು ಉಣ್ಣಲಿ ಅಂತನ ಬಂದೇನ್ರಿ ನಾ. ನಮ್ಮ ಹುಡುಗ್ರ ನಾಲಗಿ ಜೋಳಕ್ಕ ಬಿದ್ದೈತ್ರಿ, ಅಕ್ಕಿ ಇಳಿಯವಲ್ಲದು. ನುಚ್ಚು ಮಾಡೂದು ತೋರಸ್ತೇನಿ. ಒಲಿ ನಿಮ್ಮದು, ಕೈ ನಿಮ್ಮದು. ನೀವ ಮಾಡ್ರಿ."

ಮಾಂಯ್ ಮೂಗು ಒರೆಸಿಕೊಂಡು ಕೇಳಿದರು, "ನಾರ್ಲ್ ಹಾಕಬಹುದಾ?" ತೆಂಗಿನಕಾಯಿ ಇಲ್ಲದ ಅಡುಗೆ ಅವರಿಗೆ ಗೊತ್ತಿರಲಿಲ್ಲ.

ಜುಲೈ 18, ಸೋಮವಾರ, ಮೊದಲ ನುಚ್ಚು. ಕೆಲವರು ಎರಡೆರಡು ಕೊಟ್ಟದ್ದರಿಂದ ಹದಿನೆಂಟು ಮನೆಗಳಿಂದ ಇಪ್ಪತ್ತೇಳು ಬಟ್ಟಲು ಜೋಳ ಬಂದಿತ್ತು. ಮಜ್ಜಿಗೆ ಕಲಸಬೇಕು ಎಂದು ಅಕ್ಕ ಎಷ್ಟು ಹೇಳಿಕೊಟ್ಟಿದ್ದರೂ ಮಾಂಯ್ ಬೆಲ್ಲ ಹಾಕಿ, ಹೆರೆದ ತೆಂಗಿನಕಾಯಿ ಉದುರಿಸಿಬಿಟ್ಟಿದ್ದರು. ನಾನು ಬೆದರಿದೆ. ಆ ದಿನದ ಸಾಲು ಹೀಗಿದೆ: ಬಂದವರು 21, ಪೂರ್ತಿ ಉಂಡವರು 20, ಮತ್ತೆ ಕೇಳಿದವರು 14, ಜ್ವರ ಬಂದು ಮಲಗಿದವನು 1. ಅದು ನಮ್ಮೂರ ನುಚ್ಚೂ ಆಗಿರಲಿಲ್ಲ, ಗೋವಾದ ಪಾಯಸವೂ ಆಗಿರಲಿಲ್ಲ. ಮಕ್ಕಳು ಅದಕ್ಕೆ ಮಾಂಯ್ ನುಚ್ಚು ಎಂದೇ ಹೆಸರಿಟ್ಟರು. ಆಮೇಲೆ ಮೂರು ದಿನ ನುಚ್ಚು, ಮೂರು ದಿನ ಅಕ್ಕಿ ಎಂದು ಗೊತ್ತುಮಾಡಿಕೊಂಡೆವು. ಅಕ್ಕಿಯ ದಿನ ಗಂಜಿಯ ಬದಲು ಗಟ್ಟಿ ಅನ್ನ, ದಪ್ಪ ಬೇಳೆ. ಆ ವಾರದ ಕೊನೆಗೆ ಇಪ್ಪತ್ತನಾಲ್ಕು ಮಕ್ಕಳು, ಮುಂದಿನ ವಾರ ಇಪ್ಪತ್ತೆಂಟು. ಆಗಸ್ಟ್ ಎರಡನೆಯ ವಾರಕ್ಕೆ ಮೂವತ್ಮೂರು. ಚಾಚಿ ಹಾಜರಿ ಪುಸ್ತಕ ನೋಡಲು ಬಂದು, "ಕೋಳಿ ಸೊರಗ್ಯಾವ, ಅದನ್ನೂ ಬರಿ," ಎಂದರು. ಬರೆದೆ.

ಆಗಸ್ಟ್ 14, ಭಾನುವಾರ, ಸಂಜೆ ನಾಲ್ಕು. ಬಾಯಿಯ ಜೊತೆ ಸಾಹೇಬರು ಬಂದರು. ತಾಯಂದಿರು ಮೂವತ್ತನಾಲ್ಕು, ಬಾಗಿಲ ಹೊರಗೆ ಕೊಡೆ ಹಿಡಿದು ನಿಂತ ಗಂಡಸರು ಹನ್ನೊಂದು. ಎದ್ದು ಮಾತಾಡಬೇಕಾದವಳು ಅಕ್ಕ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಸಾಹೇಬರು ಹಿಂದಿಯಲ್ಲಿ ಕೇಳಿದರು, ಬಾಯಿ ಕನ್ನಡದಲ್ಲಿ ಹೇಳಿದರು: "ಮೊದಲು ಕೊಡತಿದ್ದ ಊಟ ಹೆಂಗಿತ್ತು?"

ಅಕ್ಕ ಎದ್ದು, ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದಳು, "ಚಲೋ ಇತ್ರಿ."

ನಾನು ಕಣ್ಣು ಮುಚ್ಚಿಕೊಂಡೆ. ಆಗ ಒಲೆಯ ಕಡೆಯಿಂದ ಮಾಂಯ್ ಜೋರಾಗಿ, "ಖರೆಂ ಸಾಂಗ್ ಗೋ!" ಎಂದರು. ನಿಜ ಹೇಳೇ, ಎಂದು. "ನನಗೇನೂ ಆಗುವುದಿಲ್ಲ. ಹೇಳು."

ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು, ನಕ್ಕ ಮೇಲೆ ಮಾತು ಸಲೀಸಾಯಿತು. "ಪೇಜ್ ಚಲೋನ ಇತ್ರಿ ಸಾಹೇಬ್ರ, ನಮ್ಮ ಹುಡುಗ್ರು ಉಣ್ಣತಿದ್ದಿಲ್ಲ. ನಾವು ಬಾಯಿ ಬಿಟ್ಟ ಹೇಳಲಿಲ್ಲ, ತಪ್ಪು ನಮ್ಮದು. ಈಗ ಜೋಳ ನಾವ ಕೊಡತೇವಿ, ಮಾಂಯ್ ಮಾಡತಾರ, ಮೂವತ್ಮೂರು ಮಕ್ಕಳು ಉಣ್ಣಾಕತ್ತಾವ. ಮುಚ್ಚಬ್ಯಾಡ್ರಿ. ಮುಚ್ಚಿದ್ರ ನಾಳಿ ಮುಂಜಾನಿ ನನ್ನ ಮಗಳು ಖಡಿ ರಾಶಿ ಮ್ಯಾಲ ಇರತಾಳ್ರಿ. ನಾವು ಕಟ್ಟೂ ಬಿಲ್ಡಿಂಗಿಗೆ ಗ್ವಾಡಿ ಇರತಾವ, ನಮ್ಮ ಹುಡುಗ್ರಿಗೆ ಇದೊಂದ ಗ್ವಾಡಿ ಐತ್ರಿ."

ಬಾಯಿ ಅಷ್ಟನ್ನೂ ಹಿಂದಿಗೆ ತಿರುಗಿಸಿ ಹೇಳಿದರು. ಸಾಹೇಬರು ನನ್ನ ನೋಟುಬುಕ್ಕು ಕೇಳಿ ತೆಗೆದುಕೊಂಡರು. ಅಡ್ಡಗೆರೆ ಎಳೆದ ಹಾಳೆಯನ್ನು ತುಂಬ ಹೊತ್ತು ನೋಡಿ, ಅದನ್ನು ಯಾಕೆ ಹರಿದು ಹಾಕಲಿಲ್ಲ ಎಂದು ಕೇಳಿದರು. ಅದೂ ನಡೆದದ್ದೇ ಅಲ್ಲವೇ ಎಂದೆ. ನಾಲ್ಕು ಐವತ್ತಕ್ಕೆ ಭೇಟಿ ಪುಸ್ತಕದಲ್ಲಿ ಬರೆದರು: ಬಾಲವಾಡಿ ಇಲ್ಲಿಯೇ ಮುಂದುವರಿಯತಕ್ಕದ್ದು, ಊಟದ ಪಟ್ಟಿಯನ್ನು ತಿಂಗಳಿಗೊಮ್ಮೆ ಅಡುಗೆಯವರು ಮತ್ತು ಇಬ್ಬರು ತಾಯಂದಿರು ಕೂತು ನಿರ್ಧರಿಸತಕ್ಕದ್ದು. ಬಾಯಿ ಓದಿ ಹೇಳಿದಾಗ ಹೊರಗಿದ್ದ ಗಂಡಸರು ಕೊಡೆ ಬಿಟ್ಟು ಚಪ್ಪಾಳೆ ಹೊಡೆದು ತೊಯ್ದುಹೋದರು. ಮೊದಲ ಇಬ್ಬರು ತಾಯಂದಿರೆಂದು ಅಕ್ಕ ಮತ್ತು ಚಾಚಿಯ ಹೆಸರು ಬಂತು. ಚಾಚಿ ತಾಯಿಯಲ್ಲ, ಅಜ್ಜಿ ಎಂದು ಯಾರೋ ಅಂದರು. "ಅಜ್ಜಿ ಆಗೂಕಿಂತ ಮೊದಲ ಏನಾಗಿದ್ದೆ ನಾ?" ಎಂದು ಚಾಚಿ ಬಾಯಿ ಮುಚ್ಚಿಸಿದರು.

ಮರುದಿನ ಸ್ವಾತಂತ್ರ್ಯ ದಿನದ ರಜೆ. ಮಂಗಳವಾರ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಅಕ್ಕ ಮಗಳನ್ನು ಮಾಂಯ್ ಕೈಗೆ ಕೊಟ್ಟು ಟ್ರಕ್ಕು ಹತ್ತಿದಳು. ನಾನು ಒಂದು ಗಂಟೆಗೆ ಕಾಲೇಜಿನಲ್ಲಿದ್ದೆ.

ಇದನ್ನು ಬರೆಯುತ್ತಿರುವುದು 1991ರಲ್ಲಿ. ನನಗೀಗ ಇಪ್ಪತ್ತೊಂದು. ಓದಲು ಬರೆಯಲು ಬಂದದ್ದಕ್ಕೆ ನನಗೆ ಹೆಮ್ಮೆಯಾದ ದಿನಗಳು ಬೇರೆಯೂ ಇವೆ. ಆದರೆ ಅಕ್ಕ ಎದ್ದುನಿಂತ ಆ ಸಂಜೆಯ ಹೆಮ್ಮೆಗೆ ನಾನು ಅಂಕಿ ಕೊಟ್ಟಿಲ್ಲ.

ನನ್ನ ಪುಸ್ತಕದಲ್ಲಿ ಖಾಲಿ ಜಾಗಗಳಿವೆ. 1988ರ ಜುಲೈ 27, 28, 29ರಂದು ನಾನು ಜ್ವರದಲ್ಲಿದ್ದೆ. ಆ ಮೂರು ದಿನ ಎಷ್ಟು ಮಕ್ಕಳು ಉಂಡರೆಂದು ಬರೆದಿಲ್ಲ. 1989ರಿಂದ ಲೆಕ್ಕದ ಪುಸ್ತಕವನ್ನು ತಾಯಂದಿರೇ ಸರದಿಯಂತೆ ಬರೆದರು, ಕೆಲವರು ಮಕ್ಕಳ ಕೈಯಿಂದ ಬರೆಸಿದರು. ಖೋಲಿ ಬದಲಾದಾಗ ಆ ಪುಸ್ತಕ ಯಾರ ಮನೆಗೆ ಹೋಯಿತೋ ತಿಳಿಯದು. ಆ ವರ್ಷಗಳಲ್ಲಿ ಸಡಾದಲ್ಲಿದ್ದವರಿಗೆ ಇದರಲ್ಲಿ ಏನಾದರೂ ಗೊತ್ತಿದ್ದರೆ, ಅಥವಾ ಡಿಚೋಲಿ, ಕೊರ್ತಾಲಿಮ್ ಕಡೆಯ ಬಾಲವಾಡಿಗಳಲ್ಲೂ ತಾಯಂದಿರು ಕೂತು ಊಟ ನಿರ್ಧರಿಸಿದ್ದಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿರಿ. ತಾರೀಖು ನೆನಪಿದ್ದರೆ ತಾರೀಖಿನೊಂದಿಗೆ. ನನ್ನ ಲೆಕ್ಕ ತಪ್ಪಿದ್ದರೂ ತಿಳಿಸಿರಿ. ಮೊದಲಿನಂತೆ ಗೆರೆ ಎಳೆದು ಪಕ್ಕದಲ್ಲೇ ಸರಿಯಾದದ್ದನ್ನು ಬರೆದುಕೊಳ್ಳುತ್ತೇನೆ.